ಎರಡನೆಯ ಪ್ರತಿ: ನಿಧಾನವಾದ ಒಂದು ಗಣಕಯಂತ್ರದ ವೃತ್ತಾಂತ

ನಮ್ಮ ಮನೆಯ ಗಣಕಯಂತ್ರವು ಎಚ್ಚರಗೊಳ್ಳಲು 11 ನಿಮಿಷಗಳನ್ನು ತೆಗೆದುಕೊಳ್ಳುತ್ತಿತ್ತು. ಇದು ಅಂದಾಜಿನ ಮಾತಲ್ಲ. 2021ರ ಮಳೆಗಾಲದಲ್ಲಿ, ಕಾಲೇಜಿನ ಪಾಠಗಳೆಲ್ಲ ಮನೆಯಿಂದಲೇ ನಡೆಯುತ್ತಿದ್ದ ದಿನಗಳಲ್ಲಿ, ಗಡಿಯಾರವನ್ನು ಮುಂದಿಟ್ಟುಕೊಂಡು ಮೂರು ಬೆಳಿಗ್ಗೆ ಅಳೆದು ನೋಡಿದ ಲೆಕ್ಕ. ಗುಂಡಿಯನ್ನೊತ್ತಿ ಸ್ನಾನಕ್ಕೆ ಹೋಗಿ ಬಂದರೆ ಪರದೆಯ ಮೇಲೆ ಚಿಕ್ಕ ಚಕ್ರವೊಂದು ಇನ್ನೂ ಸುತ್ತುತ್ತಲೇ ಇರುತ್ತಿತ್ತು. “ಏನ್ರೀ, ನಿಮ್ಮ ಪೆಟ್ಟಿಗೆ ಇನ್ನೂ ಎದ್ದಿಲ್ಲವೇ?” ಎಂದು ನನ್ನ ಮಡದಿ ಕೇಳುವುದು ಕಾಫಿಯ ಲೋಟದಷ್ಟೇ ನಿತ್ಯದ ಸಂಗತಿಯಾಗಿತ್ತು.

ಆ ಯಂತ್ರವನ್ನು ನಾನು ಕೊಂಡದ್ದು 2011ರಲ್ಲಿ. 2 ಜಿಬಿ ರ್‍ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್, ವಿಂಡೋಸ್ 7. ಆ ಕಾಲಕ್ಕೆ ಕನ್ನಡ ಅಧ್ಯಾಪಕನೊಬ್ಬನಿಗೆ ಅದು ಬೇಕಾದುದಕ್ಕಿಂತ ಹೆಚ್ಚೇ ಆಗಿತ್ತು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವುದು, ಛಾಯಾಚಿತ್ರಗಳನ್ನು ದೊಡ್ಡದು ಮಾಡಿ ನೋಡುವುದು, ಇಷ್ಟೇ ನನ್ನ ಕೆಲಸ. 2016ರಲ್ಲಿ ವಿಂಡೋಸ್ 10ನ್ನು ಉಚಿತವಾಗಿ ಹಾಕಿಕೊಳ್ಳುವ ಅವಕಾಶ ಬಂದಾಗ ಹಿಂದುಮುಂದು ನೋಡದೆ ಹಾಕಿಕೊಂಡೆ. ನಿಧಾನಗತಿ ಆರಂಭವಾದದ್ದು ಆಗಲೇ ಎಂದು ಈಗ ಅನಿಸುತ್ತದೆ. ಮನುಷ್ಯನ ವಯಸ್ಸಿನಂತೆ ಅದು ದಿನದಿನವೂ ಸ್ವಲ್ಪ ಸ್ವಲ್ಪವೇ ಬಂದುದರಿಂದ ಗಮನಕ್ಕೆ ಬರಲಿಲ್ಲ.

ಆ ಪೆಟ್ಟಿಗೆಯೊಳಗೆ ಏನಿತ್ತೆಂಬುದನ್ನು ಹೇಳದಿದ್ದರೆ ಮುಂದಿನ ಕಥೆ ತಿಳಿಯದು. 2012ರಲ್ಲಿ ಹಳ್ಳಿಯೊಂದರ ಹಳೆಯ ಮನೆಯಲ್ಲಿ ನನಗೆ ಓಲೆಗರಿಯ ಕಟ್ಟೊಂದು ಕಾಣಸಿಕ್ಕಿತ್ತು. 96 ಗರಿಗಳು, ಕರ್ತೃವಿನ ಹೆಸರಿಲ್ಲದ ಒಂದು ಸಾಂಗತ್ಯ ಕಾವ್ಯ. ಮನೆಯ ಹಿರಿಯರು ಕಟ್ಟನ್ನು ಹೊರಗೆ ಕಳುಹಿಸಲು ಒಪ್ಪಲಿಲ್ಲ. ಅಲ್ಲಿಯೇ ಕುಳಿತು ಚಿತ್ರ ತೆಗೆದುಕೊಳ್ಳಲು ಅನುಮತಿ ನೀಡಿದರು. ಜಗಲಿಯ ಬಿಸಿಲಿನಲ್ಲಿ ಎರಡು ದಿನ ಕುಳಿತು ಪ್ರತಿ ಗರಿಯ ಎರಡು ಮುಖಗಳನ್ನೂ ಸೆರೆಹಿಡಿದೆ: ಒಟ್ಟು 192 ಚಿತ್ರಗಳು. ಮೂರು ವರ್ಷಗಳ ಬಳಿಕ ಮತ್ತೆ ಹೋದಾಗ ಹಿರಿಯರು ಇರಲಿಲ್ಲ, ಮನೆಯನ್ನು ಕೆಡವಿದ್ದರು. ಗೋಣಿಚೀಲವೊಂದರಲ್ಲಿ ತುಂಬಿ ಕೊಟ್ಟಿಗೆಯಲ್ಲಿಟ್ಟಿದ್ದ ಕಟ್ಟನ್ನು ಗೆದ್ದಲು ಮಣ್ಣು ಮಾಡಿತ್ತು. ಅಂದಿನಿಂದ ಆ ಕಾವ್ಯವು ಭೂಮಿಯ ಮೇಲೆ ಇದ್ದದ್ದು ನನ್ನ ಮೇಜಿನ ಕೆಳಗಿನ ಕಪ್ಪು ಪೆಟ್ಟಿಗೆಯಲ್ಲಿ ಮಾತ್ರ. ಅದರ ಲಿಪ್ಯಂತರವನ್ನು ಬಿಡುವಿನ ವೇಳೆಯಲ್ಲಿ ಎಂಟು ವರ್ಷ ಮಾಡಿದ್ದೆ. ಅದೂ ಅಲ್ಲಿಯೇ ಇತ್ತು.

ಯಂತ್ರವು ನಿಧಾನವಾದಾಗ ನಾನು ಮಾಡಿದ ಚಿಕಿತ್ಸೆಗಳನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ. ಮೊದಲನೆಯದು, ಗಣಕದ ವೇಗವನ್ನು ಹೆಚ್ಚಿಸುವೆನೆಂದು ಆಶ್ವಾಸನೆ ಕೊಡುವ ಒಂದು ಉಚಿತ ತಂತ್ರಾಂಶ. ಅದು ಸಾವಿರಾರು ದೋಷಗಳನ್ನು ಕೆಂಪಕ್ಷರದಲ್ಲಿ ತೋರಿಸಿ, ಸರಿಪಡಿಸಲು ಹಣ ಕೇಳಿತು. ಹಣ ಕೊಡದಿದ್ದರೂ ಹೊರಟುಹೋಗಲಿಲ್ಲ. ಪ್ರತಿದಿನ ಬೆಳಿಗ್ಗೆ ಯಂತ್ರದೊಡನೆ ತಾನೂ ಎದ್ದು ಭಾರವನ್ನು ಹೆಚ್ಚಿಸಿತು. ಎರಡನೆಯದು, ಒಂದು ಆ್ಯಂಟಿವೈರಸ್ ಇದ್ದ ಮೇಲೆ ಇನ್ನೊಂದನ್ನು ಹಾಕಿದ್ದು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದರೆ ಒಳಬರುವ ಪ್ರತಿಯೊಬ್ಬನೂ ಎರಡು ಬಾರಿ ಚೀಲ ಬಿಚ್ಚಿ ತೋರಿಸಬೇಕಾಗುತ್ತದೆ. ಒಳಗೆ ನಡೆದದ್ದೂ ಅದೇ. ಮೂರನೆಯದು, ಸ್ನೇಹಿತರೊಬ್ಬರ ಮಾತು ಕೇಳಿ ಎರಡು ರಾತ್ರಿ ಡಿಸ್ಕನ್ನು ಡೀಫ್ರಾಗ್ಮೆಂಟ್ ಮಾಡಿಸಿದ್ದು. ಚೂರುಚೂರಾಗಿ ಹರಡಿರುವ ಕಡತಗಳನ್ನು ಒಂದೆಡೆ ಸೇರಿಸುವ ಈ ಕ್ರಿಯೆ ಸುಸ್ಥಿತಿಯಲ್ಲಿರುವ ಡಿಸ್ಕಿಗೆ ಒಳ್ಳೆಯದೇ. ನನ್ನದು ಹಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಕೊನೆಗೆ ಪೇಟೆಯ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹುಡುಗ ಎರಡು ನಿಮಿಷ ನೋಡಿ, “ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್. ಇಲ್ಲ ಅಂದ್ರೆ ಹೊಸದೇ ತಗೊಳ್ಳಿ” ಎಂದ. ಫಾರ್ಮ್ಯಾಟ್ ಎಂದರೆ ಒಳಗಿರುವುದೆಲ್ಲ ಅಳಿಯುತ್ತದೆ ಎಂಬಷ್ಟು ನನಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಗೆ ಮರಳಿದೆ.

ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದಿ, ಬಳಿಕ ಬೇರೆ ದಾರಿ ಹಿಡಿದು ಗಣಕಗಳ ದುರಸ್ತಿಯಲ್ಲಿ ಪಳಗಿದ ಹಳೆಯ ವಿದ್ಯಾರ್ಥಿಯೊಬ್ಬರಿದ್ದಾರೆ. ವಿಷಯ ತಿಳಿದು ಒಂದು ಭಾನುವಾರ ತಾವಾಗಿಯೇ ಬಂದರು. ಬಂದವರು ಕೀಲಿಮಣೆಯನ್ನು ಮುಟ್ಟಲಿಲ್ಲ. ಪೆಟ್ಟಿಗೆಯ ಪಕ್ಕ ಕಿವಿಯಿಟ್ಟು ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಟಾಸ್ಕ್ ಮ್ಯಾನೇಜರ್ ಎಂಬ ಪುಟವನ್ನು ತೆರೆದು ನನಗೆ ತೋರಿಸಿದರು. ಪ್ರೊಸೆಸರ್ ನೂರರಲ್ಲಿ ಹತ್ತು ಪಾಲು ಮಾತ್ರ ದುಡಿಯುತ್ತಿತ್ತು. ಡಿಸ್ಕಿನ ಎದುರು 100 ಎಂದಿತ್ತು. ಎಷ್ಟು ಹೊತ್ತು ಕಾದರೂ ಅದು ಇಳಿಯಲಿಲ್ಲ.

ಅವರು ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೀಗೆ ಹೇಳಬಹುದು. ಪ್ರೊಸೆಸರ್ ಎಂಬುದು ಗ್ರಂಥಾಲಯದಲ್ಲಿ ಕುಳಿತಿರುವ ವಿದ್ವಾಂಸ. ರ್‍ಯಾಮ್ ಅವನ ಎದುರಿನ ಮೇಜು. ಹಾರ್ಡ್ ಡಿಸ್ಕ್ ಎಂಬುದು ಹಿಂದಿನ ಕೋಣೆಯ ಕಪಾಟುಗಳು, ಅಲ್ಲಿಂದ ಪುಸ್ತಕ ತಂದುಕೊಡುವ ಮುದಿ ಸಹಾಯಕನೂ ಸೇರಿ. ಮೇಜು ಚಿಕ್ಕದಾದರೆ ಹೊಸ ಪುಸ್ತಕ ತೆರೆಯುವಾಗಲೆಲ್ಲ ಹಳೆಯದನ್ನು ಒಳಗೆ ಕಳುಹಿಸಬೇಕು. ಮರುಕ್ಷಣ ಅದೇ ಬೇಕಾದರೆ ಮತ್ತೆ ತರಿಸಬೇಕು. ವಿದ್ವಾಂಸನು ಎಷ್ಟೇ ಚುರುಕಾಗಿದ್ದರೂ ಅವನ ಹೊತ್ತೆಲ್ಲ ಕಾಯುವುದರಲ್ಲಿಯೇ ಕಳೆಯುತ್ತದೆ. ನನ್ನ ಯಂತ್ರದಲ್ಲಿ 2 ಜಿಬಿಯ ಮೇಜಿನ ಮೇಲೆ ವಿಂಡೋಸ್ 10, ಎರಡು ಆ್ಯಂಟಿವೈರಸ್‌ಗಳು, ಪಾಠದ ವಿಡಿಯೊ, ಬ್ರೌಸರಿನ ಹತ್ತಾರು ಪುಟಗಳು ಒಟ್ಟಿಗೆ ಕುಳಿತಿದ್ದವು.

ಸಹಾಯಕನ ನಡಿಗೆಗೂ ಒಂದು ಮಿತಿಯಿದೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 7200 ಬಾರಿ ತಿರುಗುತ್ತಿರುತ್ತವೆ. ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರಬೇಕು. ಚದುರಿರುವ ಚಿಕ್ಕ ಕಡತಗಳನ್ನು ಹುಡುಕುವಾಗ ಸೆಕೆಂಡಿಗೆ ಸುಮಾರು ನೂರು ಬಾರಿಗಿಂತ ಹೆಚ್ಚು ಈ ಓಡಾಟ ಸಾಧ್ಯವಿಲ್ಲ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ಮುಳ್ಳೂ ಇಲ್ಲ. ಅಲ್ಲಿ ಇದೇ ಕೆಲಸ ಸೆಕೆಂಡಿಗೆ ಸಾವಿರಾರು ಬಾರಿ ನಡೆಯುತ್ತದೆ. ಹಳೆಯ ಗಣಕದ ವೇಗ ಹೆಚ್ಚಿಸಲು ಇದಕ್ಕಿಂತ ದೊಡ್ಡ ಉಪಾಯವಿಲ್ಲವೆಂದು ಅವರು ಹೇಳಿದರು.

“ಹಾಗಾದರೆ ಇಂದೇ ಹಾಕಿಬಿಡೋಣ” ಎಂದೆ ನಾನು.

ಅವರು ತಲೆಯಾಡಿಸಿದರು. ಡಿಸ್ಕಿನ ಆರೋಗ್ಯವನ್ನು ತಿಳಿಸುವ ಒಂದು ಚಿಕ್ಕ ತಂತ್ರಾಂಶವನ್ನು ಓಡಿಸಿದರು. ಹಳದಿ ಬಣ್ಣದ ಎಚ್ಚರಿಕೆ ಕಾಣಿಸಿತು. ಡಿಸ್ಕಿನ ಕೆಲವು ಭಾಗಗಳು ಕೆಟ್ಟು, ಅವುಗಳ ಬದಲಿಗೆ ಕಾಯ್ದಿರಿಸಿದ ಭಾಗಗಳು ಬಳಕೆಯಾಗಿದ್ದವು. ಇನ್ನು ಕೆಲವನ್ನು ಓದಲಾಗದೆ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ನಿಧಾನಕ್ಕೆ ಮೇಜು ಚಿಕ್ಕದಾದದ್ದೊಂದೇ ಕಾರಣವಾಗಿರಲಿಲ್ಲ, ಡಿಸ್ಕು ಸಾಯುತ್ತಿತ್ತು. ಡೀಫ್ರಾಗ್ಮೆಂಟಿನ ಸಂಗತಿ ಹೇಳಿದಾಗ, “ಜ್ವರ ಬಂದವರನ್ನು ಗುಡ್ಡ ಹತ್ತಿಸಿದ ಹಾಗಾಯಿತು ಸಾರ್” ಎಂದು ಮೆಲ್ಲನೆ ನುಡಿದರು. ಬಳಿಕ ಕೇಳಿದರು: “ಇದರಲ್ಲಿರೋದರ ಇನ್ನೊಂದು ಪ್ರತಿ ಎಲ್ಲಿಟ್ಟಿದ್ದೀರಿ?”

ನಾನು ಉತ್ತರ ಕೊಡಲಿಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದನ್ನು ನಾನು ಇಪ್ಪತ್ತೈದು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವನು. ಈ ವಿದ್ಯಾರ್ಥಿಯೂ ಅದನ್ನು ನನ್ನಿಂದಲೇ ಕೇಳಿದ್ದರು. ಕಾವ್ಯವೊಂದು ಉಳಿಯುವುದು ಪ್ರತಿಗಳ ಮೂಲಕ ಎಂದು ಬೋಧಿಸಿದ ನಾನು ಒಂದೇ ಒಂದು ಎರಡನೆಯ ಪ್ರತಿಯನ್ನು ಮಾಡಿಟ್ಟಿರಲಿಲ್ಲ. ಕೆಲವು ನೂರು ರೂಪಾಯಿಯ ಪೆನ್‌ಡ್ರೈವ್ ಒಂದು ಸಾಕಾಗಿತ್ತು. ಅವರು ಆ ಪಾಠವನ್ನು ನೆನಪಿಸಲಿಲ್ಲ. ನನಗೆ ಅದೇ ಹೆಚ್ಚು ನೋವನ್ನು ಕೊಟ್ಟಿತು.

ಗಣಕವನ್ನು ಕೂಡಲೇ ಆರಿಸಿ, ಡಿಸ್ಕನ್ನು ಹೊರತೆಗೆದು, ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡರು. ಅತಿ ಮುಖ್ಯವಾದುದನ್ನು ಮೊದಲು ಹೇಳಿ ಎಂದರು. ಲಿಪ್ಯಂತರದ ಕಡತಗಳು ತೊಂದರೆಯಿಲ್ಲದೆ ಬಂದವು. 192 ಚಿತ್ರಗಳ ಒಟ್ಟು ಗಾತ್ರ 1 ಜಿಬಿಗಿಂತ ಕಡಿಮೆ. ಒಳ್ಳೆಯ ಡಿಸ್ಕಾಗಿದ್ದರೆ ಒಂದು ನಿಮಿಷದೊಳಗೆ ಮುಗಿಯುವ ಕೆಲಸ. ನಮಗೆ ಎರಡು ಗಂಟೆಗಿಂತ ಹೆಚ್ಚು ಹಿಡಿಯಿತು. ಊಟಕ್ಕೆ ಎಬ್ಬಿಸಲು ಬಂದ ಮಡದಿ ನಮ್ಮಿಬ್ಬರ ಮುಖ ನೋಡಿ ಹಾಗೆಯೇ ಹಿಂದಿರುಗಿದಳು. 187 ಚಿತ್ರಗಳು ಬಂದವು. ಡಿಸ್ಕನ್ನು ತಣ್ಣಗಾಗಲು ಬಿಟ್ಟು ಮರುದಿನ ಮತ್ತೆ ಪ್ರಯತ್ನಿಸಿದಾಗ ಇನ್ನೆರಡು ಸಿಕ್ಕವು. ಉಳಿದ ಮೂರು ಸಿಗಲೇ ಇಲ್ಲ.

ಆಮೇಲಿನ ಕೆಲಸ ಸುಲಭವಾಗಿತ್ತು. ಪೆಟ್ಟಿಗೆಯೊಳಗೆ ಹತ್ತು ವರ್ಷಗಳ ಧೂಳು ಕಂಬಳಿಯಂತೆ ಕುಳಿತಿತ್ತು. ಬಿಸಿಯೇರಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದಂತೆ. ಆದ್ದರಿಂದ ಫ್ಯಾನನ್ನು ಬಿಚ್ಚಿ ಕುಂಚದಿಂದ ಶುಚಿಗೊಳಿಸಿದರು. ಹಳೆಯ ರ್‍ಯಾಮ್ ತೆಗೆದು 4 ಜಿಬಿಯ ಎರಡು ಪಟ್ಟಿಗಳನ್ನು ಕೂರಿಸಿದರು. ನನ್ನಲ್ಲಿದ್ದದ್ದು 32 ಬಿಟ್ಟಿನ ವಿಂಡೋಸ್ ಆದುದರಿಂದ ಅದನ್ನೇ ಉಳಿಸಿಕೊಂಡಿದ್ದರೆ 4 ಜಿಬಿಗಿಂತ ಹೆಚ್ಚಿನ ರ್‍ಯಾಮನ್ನು ಅದು ಬಳಸುತ್ತಿರಲಿಲ್ಲ, ಕೊಟ್ಟ ಹಣ ವ್ಯರ್ಥವಾಗುತ್ತಿತ್ತು. ಹೊಸ ಎಸ್‌ಎಸ್‌ಡಿಯ ಮೇಲೆ 64 ಬಿಟ್ಟಿನ ವಿಂಡೋಸನ್ನೇ ಹೊಸದಾಗಿ ಹಾಕಿದರು. ಎರಡು ಆ್ಯಂಟಿವೈರಸ್‌ಗಳೂ ಹೋಗಿ, ವಿಂಡೋಸಿನೊಳಗೇ ಇರುವ ರಕ್ಷಣೆ ಸಾಕೆಂದಾಯಿತು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಎಂಬ ಭಾಗದಲ್ಲಿ, ಯಂತ್ರದೊಡನೆ ತಾವೂ ಏಳಬೇಕೆಂದು ಹಟ ಹಿಡಿಯುವ ತಂತ್ರಾಂಶಗಳನ್ನು ತಡೆಯುವುದನ್ನು ನನಗೆ ಕಲಿಸಿದರು. ಎಸ್‌ಎಸ್‌ಡಿಗೆ ಡೀಫ್ರಾಗ್ಮೆಂಟ್ ಬೇಕಿಲ್ಲ, ದಯವಿಟ್ಟು ಮಾಡಬೇಡಿ ಎಂದೂ ಹೇಳಿ ಹೋದರು. 11 ನಿಮಿಷಗಳ ಜಾಗದಲ್ಲಿ ಈಗ 40 ಸೆಕೆಂಡು.

ಇನ್ನೊಂದು ಕೆಲಸವನ್ನು ನಾನೇ ಮಾಡಿದೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದ ಲಿಪ್ಯಂತರವನ್ನೆಲ್ಲ ಯುನಿಕೋಡಿಗೆ ತಂದೆ. ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಇಡೀ ಕಾವ್ಯ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಓದಲಾಗದ ಪ್ರತಿಯೂ ಪ್ರತಿಯಲ್ಲ. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಯುನಿಕೋಡಿನಲ್ಲಿ ಸ್ಥಾನವಿದೆ. ೞಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಇಂಗ್ಲಿಷ್ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ ಆ ಸ್ಖಾಲಿತ್ಯ ಹಾಗೆಯೇ ಉಳಿದುಕೊಂಡಿದೆ. ಲಿಪಿಕಾರರ ದೋಷಗಳು ಓಲೆಗರಿಯೊಂದಿಗೆ ಮುಗಿಯಲಿಲ್ಲವಲ್ಲ ಎಂದು ಗ್ರಂಥಸಂಪಾದಕನಾದ ನನಗೆ ನಗು ಬಂತು.

ಓದುಗರಲ್ಲಿ ಯಾರ ಮನೆಯ ಗಣಕವಾದರೂ ನಿಧಾನವಾಗಿದ್ದರೆ ನನ್ನ ಸೂಚನೆ ಇಷ್ಟೆ. ವೇಗದ ವಿಚಾರವನ್ನು ಬದಿಗಿಟ್ಟು ಮೊದಲು ಎರಡನೆಯ ಪ್ರತಿ ಮಾಡಿಕೊಳ್ಳಿ; ಅದು ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ ಇರಲಿ. ಆಮೇಲೆ ಡಿಸ್ಕಿನ ಆರೋಗ್ಯವನ್ನು ನೋಡಿಸಿ. ಬೇಡದ ತಂತ್ರಾಂಶಗಳನ್ನು ತೆಗೆಯುವುದು, ರ್‍ಯಾಮ್ ಹೆಚ್ಚಿಸುವುದು, ಎಸ್‌ಎಸ್‌ಡಿ ಹಾಕಿಸುವುದು ಇವೆಲ್ಲ ಅದರ ನಂತರದ ಮಾತು. ವೇಗವರ್ಧಕವೆಂದು ಹೇಳಿಕೊಳ್ಳುವ ತಂತ್ರಾಂಶಗಳ ತಂಟೆಗೆ ಹೋಗಬೇಡಿ. ನನ್ನ ಕಡತಗಳ ಒಂದು ಪ್ರತಿ ಈಗ ಬೆಂಗಳೂರಿನ ಮಗಳ ಮನೆಯಲ್ಲಿದೆ, ಇನ್ನೊಂದು ಆ ವಿದ್ಯಾರ್ಥಿಯ ಬಳಿ.

ಸಿಗದೆ ಹೋದ ಮೂರು ಚಿತ್ರಗಳಲ್ಲಿ ಎರಡರ ಲಿಪ್ಯಂತರದ ಬಗ್ಗೆ ನನಗೆ ಸಂದೇಹವಿಲ್ಲ. ಮೂರನೆಯದು 57ನೆಯ ಗರಿಯ ಹಿಂಬದಿ. ಅದರ ನಾಲ್ಕನೆಯ ಸಾಲಿನಲ್ಲಿ, ಪದ್ಯವೊಂದರ ಮೊದಲಲ್ಲಿ, ‘ವನದೊಳಗೆ’ ಎಂದು ಬರೆದುಕೊಂಡು ಪಕ್ಕದಲ್ಲಿ ‘ಮನದೊಳಗೆ? ಚಿತ್ರ ಮತ್ತೆ ನೋಡಬೇಕು’ ಎಂದು ಗುರುತು ಹಾಕಿದ್ದೇನೆ. ಓಲೆಯ ಬರಹದಲ್ಲಿ ಮಕಾರ ವಕಾರಗಳು ಒಂದನ್ನೊಂದು ಹೋಲುವುದು ಸಾಮಾನ್ಯ. ಛಂದಸ್ಸಿಗೆ ಎರಡೂ ಒಪ್ಪುತ್ತವೆ. ಪ್ರಾಸವು ಎರಡನೆಯ ಅಕ್ಷರವಾದ ನಕಾರದ ಮೇಲಿರುವುದರಿಂದ ಅದೂ ನೆರವಿಗೆ ಬಾರದು. ನಾಯಕಿ ಅಲೆದದ್ದು ಕಾಡಿನಲ್ಲೋ, ತನ್ನ ಮನಸ್ಸಿನಲ್ಲೋ? ಅರ್ಥವೂ ಎರಡು ಕಡೆಗೂ ಹೊಂದುತ್ತದೆ.

ಮತ್ತೆ ನೋಡಬೇಕೆಂದು ಬರೆದುಕೊಂಡದ್ದು 2017ರಲ್ಲಿ. ಚಿತ್ರವನ್ನು ತೆರೆಯಲು ಆಗ ಎರಡು ನಿಮಿಷ ಕಾಯಬೇಕಾಗುತ್ತಿತ್ತು. ನಾಳೆ ನೋಡೋಣವೆಂದು ಬಿಟ್ಟಿದ್ದೆ. ಕಾವ್ಯವು ಅಚ್ಚಾಗುವಾಗ ಆ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ಮೂಲವು ಸಂಪಾದಕನ ಅಜಾಗರೂಕತೆಯಿಂದ ನಷ್ಟವಾಗಿದೆ ಎಂದು ಅಡಿಟಿಪ್ಪಣಿ ಬರೆಯಲು ನಿಶ್ಚಯಿಸಿದ್ದೇನೆ. ಗೆದ್ದಲಿನ ಮೇಲೆ ಆ ತಪ್ಪನ್ನು ಹೊರಿಸಲಾರೆ.