ಸೀಸೆಯ ಚೀಟಿಯೂ ಶ್ರಾವಕನ ತಕ್ಕಡಿಯೂ

ಕಳೆದ ವರ್ಷದ ಜ್ಯೇಷ್ಠಮಾಸದಲ್ಲಿ ಭಾತಂಬ್ರಾದ ನಮ್ಮ ಗೋದಾಮಿನಲ್ಲಿ ತೊಗರಿಯ ಚೀಲವೊಂದು ಮೇಲಿನ ಸಾಲಿನಿಂದ ಜಾರಿತು. ಹಮಾಲರು ಕೂಗುವಷ್ಟರಲ್ಲಿ ನಾನು ಬಲಗೈ ಚಾಚಿ ಅದನ್ನು ತಡೆಯಲು ಹೋದೆ. ಅರವತ್ತು ದಾಟಿದವನಿಗೆ ತಕ್ಕ ಸಾಹಸವಲ್ಲ ಅದು. ಭುಜದೊಳಗೆ ಏನೋ ಹರಿದಂತಾಯಿತು. ಬೀದರಿನ ಮೂಳೆ ವೈದ್ಯರು ಪರೀಕ್ಷೆ ಮಾಡಿಸಿ, ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜು ಭಾಗಶಃ ಹರಿದಿದೆಯೆಂದೂ, ಮೂರು ತಿಂಗಳು ವ್ಯಾಯಾಮ ಚಿಕಿತ್ಸೆ ಮಾಡಿ ನೋಡೋಣವೆಂದೂ, ಶಸ್ತ್ರಚಿಕಿತ್ಸೆಯ ಮಾತು ಆಮೇಲೆಂದೂ ಹೇಳಿದರು.

ನೋವನ್ನು ಸಹಿಸಿಕೊಂಡೆ. ಸಹಿಸಲಾಗದ್ದು ಬೇರೊಂದಿತ್ತು. ಅನಂತ ಚತುರ್ದಶಿಯಂದು ಜಿನಬಿಂಬಕ್ಕೆ ಕಲಶವೆತ್ತಿ ಅಭಿಷೇಕ ಮಾಡುವ ನೇಮವನ್ನು ನಾನು ತಂದೆಯವರ ಕಾಲದಿಂದಲೂ ತಪ್ಪಿಸಿದವನಲ್ಲ. ಭಾದ್ರಪದಕ್ಕೆ ಉಳಿದಿದ್ದುದು ಮೂರೇ ತಿಂಗಳು. ತಲೆ ಬಾಚಿಕೊಳ್ಳಲೂ ಏಳದ ಕೈ ಕಲಶವನ್ನು ಎತ್ತುವುದೆಂತು?

ಅಂಥ ಸಮಯದಲ್ಲಿ ಹೈದರಾಬಾದಿನಿಂದ ನನ್ನ ತಂಗಿಯ ಮಗ ಬಂದ. ಪುಟ್ಟ ಗಾಜಿನ ಸೀಸೆಯೊಂದನ್ನು ನನ್ನ ಮುಂದಿಟ್ಟು, “ಇದು ತಗೋರಿ ಮಾಮಾ, ತಿಂಗಳೊಳಗ ಭುಜ ಸರಿ ಆಗ್ತದ. ನನ್ನ ಮೊಣಕಾಲಿಗೆ ನಾನೇ ಚುಚ್ಚಿಕೊಂಡೀನಿ, ಏನೂ ಆಗಿಲ್ಲ” ಎಂದ. ಸೀಸೆಯೊಳಗೆ ಬಿಳಿಯ ಪುಡಿ. ಮೇಲೆ ಬಿಪಿಸಿ-157 ಎಂಬ ಹೆಸರು. ವ್ಯಾಪಾರಿಯ ರೂಢಿಯಂತೆ ನಾನು ಕನ್ನಡಕವೇರಿಸಿ ಚೀಟಿಯನ್ನು ಪೂರ್ತಿ ಓದಿದೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ ಎಂದಿತ್ತು.

“ಹಾಗಂತ ಬರೀತಾರ ಮಾಮಾ, ಎಲ್ಲರಿಗೂ ಗೊತ್ತದ” ಎಂದು ಅಳಿಯ ನಕ್ಕ. ಆ ನಗೆ ನನ್ನನ್ನು ಹಲವು ದಿನ ಕಾಡಿತು.

ಈ ವಸ್ತು ಏನೆಂದು ಮೊದಲು ತಿಳಿಯಬೇಕೆನಿಸಿತು. ಔಷಧಶಾಸ್ತ್ರ ಬಲ್ಲ ಸ್ನೇಹಿತರೊಬ್ಬರ ನೆರವಿನಿಂದ ಓದಿಕೊಂಡೆ. ಇದು 15 ಅಮೈನೋ ಆಮ್ಲಗಳ ಸರಪಳಿ, ಅಂದರೆ ಪೆಪ್ಟೈಡ್. ಮನುಷ್ಯನ ಜಠರರಸದ ಒಂದು ಪ್ರೋಟೀನಿನ ತುಣುಕೆಂದು ಇದನ್ನು ವರ್ಣಿಸುತ್ತಾರೆ. ಕ್ರೊಯೇಷಿಯಾ ದೇಶದ ಝಾಗ್ರೆಬ್ ವಿಶ್ವವಿದ್ಯಾಲಯದ ಪ್ರೆಡ್ರಾಗ್ ಸಿಕಿರಿಚ್ ಮತ್ತು ಸಂಗಡಿಗರು 1990ರ ದಶಕದ ಆರಂಭದಿಂದ ಇದನ್ನು ಅಭ್ಯಸಿಸಿದ್ದಾರೆ. ಇಲಿಗಳ ಹಿಮ್ಮಡಿಯ ರಜ್ಜುವನ್ನು ಕತ್ತರಿಸಿ ಈ ಪೆಪ್ಟೈಡನ್ನು ಕೊಟ್ಟಾಗ, ಕೊಡದ ಇಲಿಗಳಿಗಿಂತ ಗಾಯ ಚೆನ್ನಾಗಿ ಕೂಡಿಕೊಂಡಿತೆಂದು ಅವರ ವರದಿಗಳು ಹೇಳುತ್ತವೆ. ಪ್ರಾಣಿಗಳಲ್ಲಿ ನಡೆಸಿದ ವಿಷಪರೀಕ್ಷೆಗಳಲ್ಲಿಯೂ ಗಂಭೀರ ದೋಷ ಕಂಡಿಲ್ಲ. ಇಷ್ಟನ್ನು ಒಪ್ಪಿಕೊಳ್ಳುವುದು ನ್ಯಾಯ.

ಆದರೆ ಮಾನವರ ವಿಷಯದಲ್ಲಿ ಪ್ರಕಟವಾಗಿರುವ ಅಧ್ಯಯನಗಳು ಬೆರಳೆಣಿಕೆಯವು. 2024ರಲ್ಲಿ ಪ್ರಕಟವಾದ ಒಂದರಲ್ಲಿ 12 ಮಂದಿ, 2025ರ ಇನ್ನೊಂದರಲ್ಲಿ ಇಬ್ಬರೇ. ಔಷಧ ಪಡೆದವರನ್ನು ಪಡೆಯದವರೊಡನೆ ಹೋಲಿಸಿದ ದೊಡ್ಡ ಪರೀಕ್ಷೆಯ ಆಧಾರ ಇದರ ಬೆನ್ನಿಗಿಲ್ಲ. ಇದು ಹೊಸ ರಕ್ತನಾಳಗಳು ಹುಟ್ಟುವುದನ್ನು ಪ್ರಚೋದಿಸುತ್ತದೆಂದು ಪ್ರಯೋಗಗಳು ಸೂಚಿಸುತ್ತವೆ. ಗಾಯಕ್ಕೆ ಅದು ಹಿತವೇ. ಆದರೆ ದೇಹದಲ್ಲಿ ಎಲ್ಲಿಯಾದರೂ ಅಡಗಿರುವ ಗಂತಿಗೂ ಅದೇ ರಕ್ತ ಪೋಷಣೆಯಾದೀತೆಂಬ ಶಂಕೆಯನ್ನು ತಜ್ಞರು ಎತ್ತಿದ್ದಾರೆ. ಅದು ಸಾಬೀತಾಗಿಲ್ಲ, ಸುಳ್ಳೆಂದೂ ತೀರ್ಮಾನವಾಗಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2023ರಲ್ಲಿ, ಔಷಧಾಲಯಗಳು ಮಿಶ್ರಮಾಡಿ ಕೊಟ್ಟರೆ ಅಪಾಯವಾಗಬಹುದಾದ ದ್ರವ್ಯಗಳ ವರ್ಗದಲ್ಲಿ ಇದನ್ನು ಸೇರಿಸಿ, ದೇಹದ ರೋಗನಿರೋಧಕ ಪ್ರತಿಕ್ರಿಯೆ, ಕಲ್ಮಶಗಳು, ಸುರಕ್ಷತೆಯ ಮಾಹಿತಿಯ ಕೊರತೆ ಇವನ್ನು ಕಾರಣವಾಗಿ ಹೇಳಿತು. ಕ್ರೀಡಾಪಟುಗಳಿಗೆ ನಿಷಿದ್ಧವಾದ ವಸ್ತುಗಳ ವಿಶ್ವಪಟ್ಟಿಯಲ್ಲಿ 2022ರಲ್ಲಿಯೇ ಇದರ ಹೆಸರು ಬಂದಿತ್ತು.

ನಮ್ಮ ಮನೆಗಳಲ್ಲಿ ಔಷಧ ಬಂದೊಡನೆ ಕೇಳುವ ಮೊದಲ ಪ್ರಶ್ನೆ, ಇದರಲ್ಲಿ ಪ್ರಾಣಿಜನ್ಯ ವಸ್ತುವಿದೆಯೇ ಎಂಬುದು. ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಆ ಪರಂಪರೆಯ ನಮಗೆ ಈ ಪ್ರಶ್ನೆ ಸಹಜ. ಈ ಪೆಪ್ಟೈಡನ್ನು ಪ್ರಯೋಗಶಾಲೆಯಲ್ಲಿ ರಾಸಾಯನಿಕವಾಗಿ ಜೋಡಿಸುತ್ತಾರೆ. ಆದ್ದರಿಂದ ಆ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುತ್ತದೆ. ಆದರೆ ಹಿಂಸೆಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಛೇದ’ವೂ ಒಂದು. ಕತ್ತರಿಸಲ್ಪಟ್ಟ ಆ ಇಲಿಗಳ ರಜ್ಜು ನನ್ನ ಭುಜದ ರಜ್ಜುವಿನಂತೆಯೇ ನೋಯುವಂಥದು. ಕಲ್ಯಾಣ ಚಾಲುಕ್ಯ ವಂಶದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ. ಆ ಅರಸರ ರಾಜಧಾನಿ ಇಂದಿನ ನಮ್ಮ ಜಿಲ್ಲೆಯ ಬಸವಕಲ್ಯಾಣ. ಅವನ ಗ್ರಂಥದಲ್ಲಿ ಪ್ರಾಣಿಯೇ ರೋಗಿ, ಪ್ರಾಣಿಗಾಗಿಯೇ ಔಷಧ. ಇಂದು ಪ್ರಾಣಿ ನಮ್ಮ ಔಷಧಕ್ಕೆ ಸಾಧನವಾಗಿದೆ. ನಾನು ನಿತ್ಯ ಸೇವಿಸುವ ರಕ್ತದೊತ್ತಡದ ಗುಳಿಗೆಯೂ ಈ ದಾರಿಯಿಂದಲೇ ಬಂದದ್ದು. ಆದ್ದರಿಂದ ನಾನು ಶುದ್ಧನೆಂದು ಹೇಳಲಾರೆ. 2023ರಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಅವಕಾಶ ಕೊಟ್ಟದ್ದು ನನಗೆ ಸಮಾಧಾನ ತಂದ ಸಂಗತಿ.

ಆದರೆ ಇಷ್ಟು ಹಿಂಸೆಯ ಬೆಲೆ ತೆತ್ತು ಆರಂಭವಾದ ಅರಿವನ್ನು ಪೂರ್ತಿಗೊಳಿಸದೆ, ನಡುವಿನಲ್ಲೇ ಸೀಸೆಗೆ ತುಂಬಿ ಮಾರುವುದು ಎರಡನೆಯ ಅನ್ಯಾಯ. 2019ರ ನಿಯಮಗಳ ಪ್ರಕಾರ ಅನುಮತಿ ಪಡೆದು ನಡೆಯುವ ಪ್ರಯೋಗದಲ್ಲಿ ಭಾಗವಹಿಸುವವನಿಗೆ ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು, ನೀತಿ ಸಮಿತಿಯ ನಿಗಾ ಇರಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಅವನಿಗೆ ಗುಣವಾದರೂ ಕೇಡಾದರೂ ಅದು ದಾಖಲೆಗೆ ಸೇರಿ ಮುಂದಿನವರಿಗೆ ದಾರಿಯಾಗುತ್ತದೆ. ಮನೆಯ ಕೋಣೆಯಲ್ಲಿ ತಾನೇ ಚುಚ್ಚಿಕೊಳ್ಳುವವನಿಗೆ ಇವು ಯಾವುವೂ ಇಲ್ಲ. ಅಳಿಯನ ಮೊಣಕಾಲು ಔಷಧದಿಂದ ಗುಣವಾಯಿತೋ, ವಿಶ್ರಾಂತಿಯಿಂದ ಆಯಿತೋ ಯಾರು ಬಲ್ಲರು?

ಇನ್ನು ಆ ಚೀಟಿಯ ಮಾತು. ನಲವತ್ತು ವರ್ಷ ತಕ್ಕಡಿಯ ಮುಂದೆ ಕುಳಿತ ನನಗೆ ಅಚೌರ್ಯವ್ರತದ ಅತಿಚಾರಗಳಲ್ಲಿ ಎರಡು ಸದಾ ನೆನಪಿನಲ್ಲಿರುತ್ತವೆ: ಹೀನಾಧಿಕಮಾನೋನ್ಮಾನ, ಅಂದರೆ ತೂಕ ಅಳತೆಗಳ ವಂಚನೆ, ಪ್ರತಿರೂಪಕ ವ್ಯವಹಾರ, ಅಂದರೆ ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು. ಸತ್ಯವ್ರತಕ್ಕೆ ‘ಕೂಟಲೇಖಕ್ರಿಯೆ’ ಎಂಬ ಅತಿಚಾರವಿದೆ, ಸುಳ್ಳು ಬರಹ. ಮಾನವ ಬಳಕೆಗಲ್ಲ ಎಂದು ಬರೆದು, ಮಾನವರೇ ಬಳಸುವರೆಂದು ತಿಳಿದು ಮಾರುವ ಚೀಟಿ ಕೂಟಲೇಖವಲ್ಲದೆ ಮತ್ತೇನು? ಅದು ಮಾರುವವನನ್ನು ಕಾನೂನಿನಿಂದ ಕಾಪಾಡಲು ಬರೆದದ್ದು, ಕೊಳ್ಳುವವನನ್ನು ಕಾಪಾಡಲು ಅಲ್ಲ. ಒಳಗಿನ ಪುಡಿ ಹೇಳಿದ ವಸ್ತುವೇ, ಹೇಳಿದ ತೂಕವೇ, ಕ್ರಿಮಿರಹಿತವೇ ಎಂದು ಯಾರೂ ಹೊಣೆ ಹೊತ್ತಿಲ್ಲ. ಮಣ್ಣು ಬೆರೆತ ತೊಗರಿಯನ್ನು ಹಿಂದಿರುಗಿಸುವ ನಾನು ಇದನ್ನು ನನ್ನ ರಕ್ತಕ್ಕೆ ಹೇಗೆ ಬಿಟ್ಟುಕೊಳ್ಳಲಿ?

ಅಳಿಯನಿಗೆ ಇದನ್ನೆಲ್ಲ ಹೇಳಿದೆ. “ಮಾಮಾ, ಅನೇಕಾಂತ ನೀವೇ ಕಲಿಸಿದ್ದು. ಇದು ಒಳ್ಳೇದೂ ಇರಬಹುದಲ್ಲ?” ಎಂದ. ಇರಬಹುದು. ಸ್ಯಾದ್ವಾದಿಯು ಒಂದು ದೃಷ್ಟಿಯಿಂದ ಹಿತ, ಒಂದು ದೃಷ್ಟಿಯಿಂದ ಅಹಿತ, ಒಂದು ದೃಷ್ಟಿಯಿಂದ ಅವಕ್ತವ್ಯ ಎನ್ನುತ್ತಾನೆ. ಆದರೆ ಯಾವ ದೃಷ್ಟಿಯಿಂದ ಎಂಬುದನ್ನು ಹೇಳುವ ಹೊಣೆ ಅವನದೇ. ತಿಳಿಯದ್ದನ್ನು ತಿಳಿದಿದೆ ಎಂದು ನಡೆಯಲು ಅನೇಕಾಂತ ಪರವಾನಗಿ ಕೊಡುವುದಿಲ್ಲ.

ಇಷ್ಟು ಹೇಳಿದ ಮೇಲೆಯೂ ಆ ರಾತ್ರಿ ಸೀಸೆಯನ್ನು ಎರಡು ಸಲ ಕೈಗೆತ್ತಿಕೊಂಡೆನೆಂದು ಒಪ್ಪಿಕೊಳ್ಳಬೇಕು. ಕಲಶದ ಆಸೆಯೂ ಆಸೆಯೇ. ಭಕ್ತಿಯ ಹೆಸರಿನಲ್ಲಿ ಬಂದ ಲೋಭವನ್ನು ಗುರುತಿಸಲು ನನಗೆ ಬೆಳಗಿನ ಸಾಮಾಯಿಕದವರೆಗೆ ಸಮಯ ಹಿಡಿಯಿತು. ಮರುದಿನ ಸೀಸೆಯನ್ನು ವೈದ್ಯರಿಗೆ ಒಪ್ಪಿಸಿ, ವ್ಯಾಯಾಮವನ್ನೇ ಮುಂದುವರಿಸಿದೆ.

ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ಬಿನ್ನಹ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಉಚಿತ ಶಿಬಿರಕ್ಕೆ ಸಭಾಭವನ ಕೊಡುವ ಮುನ್ನ ಯಾವ ಮದ್ದನ್ನು ಕೊಡುತ್ತಾರೆ, ಅದಕ್ಕೆ ಮಾನ್ಯತೆಯಿದೆಯೇ, ಹಾನಿಯಾದರೆ ಹೊಣೆ ಯಾರು ಎಂಬ ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿರಿ. ಹದಿನಾಲ್ಕನೆಯ ಶತಮಾನದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ಬರೆದ ಮಂಗರಾಜನು ನಮ್ಮವನೇ. ಮದ್ದು ಯಾವುದು, ವಿಷ ಯಾವುದು ಎಂದು ವಿಚಾರಿಸುವುದು ನಮ್ಮ ಸಮಾಜಕ್ಕೆ ಹೊಸತಲ್ಲ.

ಅನಂತ ಚತುರ್ದಶಿಯಂದು ನನ್ನ ಕೈ ಎದೆಯವರೆಗೆ ಮಾತ್ರ ಎದ್ದಿತು. ಮೊಮ್ಮಗ ಕಲಶದ ತಳಕ್ಕೆ ಕೈಕೊಟ್ಟ, ಅಭಿಷೇಕ ನಡೆಯಿತು. ಈಗ ಕೈ ಭುಜದ ಮಟ್ಟಕ್ಕೆ ಏಳುತ್ತದೆ. ಅಳಿಯ ಚುಚ್ಚುವುದನ್ನು ನಿಲ್ಲಿಸಿದನೇ ಎಂದು ನಾನು ಕೆದಕಿ ಕೇಳಿಲ್ಲ. ಮೊಣಕಾಲನ್ನು ವೈದ್ಯರಿಗೆ ತೋರಿಸಿ ಬಂದೆನೆಂದು ಈಚೆಗೆ ಫೋನಿನಲ್ಲಿ ತಾನಾಗಿಯೇ ಹೇಳಿದ.