ಮೇಜಿನ ಮೇಲೊಂದು ರೈಲುದಾರಿ

ಬಾಲ್ಯದ ಊರನ್ನು ಮಾತಿನಲ್ಲಿ ಹಿಡಿದಿಡುವವರು ಬಹುಮಂದಿ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಕೇರಿಯಲ್ಲಿ ಬೆಳೆದು, ಚಿತ್ರಕಲೆಯನ್ನು ಬೋಧಿಸಿ ವಿಶ್ರಾಂತರಾದ ಉಪಾಧ್ಯಾಯರೊಬ್ಬರು ಅದನ್ನು ತಮ್ಮ ಪಡಸಾಲೆಯ ಮೇಜಿನ ಮೇಲೆ ಕಟ್ಟತೊಡಗಿದರು. ಊರೆಂದೊಡನೆ ಅವರಿಗೆ ಮೊದಲು ನೆನಪಾಗುತ್ತಿದ್ದುದು ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ರೈಲುದಾರಿ.

ಅಂದು ಬೌರಿಂಗ್‌ಪೇಟೆ ಎನಿಸಿದ್ದ ನಿಲ್ದಾಣದಿಂದ ಈ ದಾರಿ 1894ರಲ್ಲಿ ಗಣಿಗಾಗಿಯೇ ಹುಟ್ಟಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬರುವ ಮುನ್ನ ಗಣಿಯ ಯಂತ್ರಗಳು ಉಗಿಯನ್ನು ನಂಬಿದ್ದವು. ಆ ಯಂತ್ರಗಳೂ ಅವುಗಳ ಉರುವಲೂ ಎತ್ತಿನ ಬಂಡಿಗೆ ನಿಲುಕುವ ಹೊರೆಯಾಗಿರಲಿಲ್ಲ.

ಮಾದರಿ ರೈಲಿಗೆಂದು ಸಿದ್ಧವಾಗಿ ದೊರೆಯುವ ಹಳಿಗಳ ಅಗಲ ಸಾಮಾನ್ಯವಾಗಿ 16.5 ಮಿಲಿಮೀಟರು. 87ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಅದು ಯೂರೋಪಿನ 1,435 ಮಿಲಿಮೀಟರಿನ ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರು; ಅದಕ್ಕೆ 19.3 ಬೇಕು. ಮೂರು ಮಿಲಿಮೀಟರೂ ಇಲ್ಲದ ಅಂತರವನ್ನು ಯಾರು ಅಳೆಯಬಂದಾರೆಂದು ಮಿತ್ರರು ನಕ್ಕರು. ಉಪಾಧ್ಯಾಯರು ಒಪ್ಪಲಿಲ್ಲ. ಮರವನ್ನು ಸೀಳಿ ಸ್ಲೀಪರುಗಳನ್ನು ತಾವೇ ಮಾಡಿ, ಹಳಿಗಳನ್ನು ಒಂದೊಂದಾಗಿ ಕೂಡಿಸಿದರು. ಅಗಲದಲ್ಲಿ ಇಷ್ಟು ಹಟ ಹಿಡಿದವರು ಉದ್ದದಲ್ಲಿ ಸೋಲಲೇಬೇಕಾಯಿತು. 16 ಕಿಲೋಮೀಟರಿನ ದಾರಿಗೆ ಅದೇ ಪ್ರಮಾಣದಲ್ಲಿ 184 ಮೀಟರು ಬೇಕು. ಪಡಸಾಲೆ ಇದ್ದುದು ಹನ್ನೆರಡು ಅಡಿ. ರಾಗಿಯ ಹೊಲಗಳು ಹೋದವು, ಉರಿಗಾಂ ಮತ್ತು ಮಾರಿಕುಪ್ಪ ಉಳಿದವು. ಸಯನೈಡ್ ದಿಬ್ಬಗಳನ್ನು ಮಾತ್ರ ಅವರು ಬಿಡಲಿಲ್ಲ. ಚಿನ್ನದ ಊರೆಂದು ಬಂದ ನೆಂಟರು ಹಳದಿಯನ್ನು ಹುಡುಕುತ್ತಿದ್ದರು. ಚಿನ್ನ ತೆಗೆದುಳಿದ ಪುಡಿಗೆ ಅವರು ಬಳಿದದ್ದು ಬೂದುಬಣ್ಣ.

ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ರೈಲು ನಿಲ್ಲಲಿಲ್ಲ, ಗಣಿಗೆ ಜನರನ್ನು ತಂದ ದಾರಿಯೇ ಈಗ ಅವರ ಮಕ್ಕಳನ್ನು ಕೆಲಸಕ್ಕಾಗಿ ಬೆಂಗಳೂರಿಗೆ ಒಯ್ಯುತ್ತದೆ. ಆದರೆ ಮೇಜಿನ ಮೇಲೆ ಗಣಿಯೂ ನಡೆಯುತ್ತಲೇ ಇರಬೇಕೆಂಬುದು ಉಪಾಧ್ಯಾಯರ ಆಸೆ. ಶಾಫ್ಟಿನ ಗೋಪುರದ ಚಕ್ರಕ್ಕೆ ಪುಟ್ಟದೊಂದು ಮೋಟಾರು ಜೋಡಿಸಿದರು. ಚಕ್ರ ತಿರುಗಿದ ದಿನ ಮೊಮ್ಮಗ ಕೇಳಿದ:

“ಎಲ್ಲಾ ಸರಿ ತಾತ, ಗಣಿ ಎಲ್ಲಿ?”

ಅವರು ಪೆನ್ಸಿಲು ಹಿಡಿದು ಲೆಕ್ಕ ಮಾಡಿದರು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳ. 87ರಿಂದ ಭಾಗಿಸಿದರೂ 34 ಮೀಟರು ದಾಟುತ್ತದೆ. ಹುಡುಗ ಮೇಜಿನಡಿಗೆ ನುಸುಳಿದ.

“ಮುತ್ತಾತ ಇಲ್ಲಿಗೆ ಇಳೀತಿದ್ರಾ?”

“ಇನ್ನೂ ಕೆಳಕ್ಕಪ್ಪ. ನೆಲ ಅಗೆದು ಬಾವಿ ತೋಡಬೇಕು.”

ತಂದೆಯವರು ದುಡಿದ ಜಾಗವನ್ನು ಉಪಾಧ್ಯಾಯರೂ ಕಂಡವರಲ್ಲ. ಅವರಿಗೆ ಗೊತ್ತಿದ್ದುದು ಶಾಫ್ಟಿನ ಬಾಯಿಯವರೆಗೆ ಮಾತ್ರ. ಅಲ್ಲಿ ನಿಲ್ಲಿಸಲೆಂದು, ಎರಡು ಸೆಂಟಿಮೀಟರಿಗಿಂತ ಗಿಡ್ಡನೆಯ ಆಳೊಂದನ್ನು ಬುತ್ತಿಯ ಸಮೇತ ಕೊರೆದಿದ್ದರು. ಇಳಿಯಹೊರಟವನೋ, ಏರಿಬಂದವನೋ ತೀರ್ಮಾನವಾಗದೆ, ಎರಡು ಬಾರಿ ಅಂಟಿಸಿ ಎರಡು ಬಾರಿ ಕಿತ್ತಿದ್ದರು. ಆ ಸಂಜೆ ಅದನ್ನು ಮನೆಗಳ ಕಡೆಗೆ ಮುಖಮಾಡಿಸಿ, ಅಂಟು ಒಣಗುವವರೆಗೆ ಬೆರಳಿನಿಂದ ಹಿಡಿದುಕೊಂಡು ಕುಳಿತರು.