ದೂತನಿಲ್ಲದ ಸಂದೇಶ

ಪಾಶ್ಚಾತ್ಯರ ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವವರು ನಮ್ಮ ವಯಸ್ಸಿನವರಲ್ಲಿ ಹೆಚ್ಚು. ಕಾಳಿದಾಸನನ್ನು ಓದಿ, ಓದಿಸಿ ತಲೆ ನರೆತ ನನಗೂ ಅದರ ಅಬ್ಬರವು ಹಿತವಾದುದಲ್ಲ. ಆದರೂ ನನ್ನ ಮಗನಿಗೆ ಪ್ರಿಯವಾದ ‘ರೇಡಾರ್ ಲವ್’ ಎಂಬ ಹಾಡಿನ ಅರ್ಥವನ್ನು ಕೇಳಿ ತಿಳಿದ ಮೇಲೆ, ಅದು ಮೇಘದೂತಕ್ಕೆ ದೂರದ ದಾಯಾದಿಯೆಂದೇ ನನಗೆ ತೋರಿತು.

ಹಾಲೆಂಡಿನ ಹೇಗ್ ನಗರದಲ್ಲಿ 1961ರಲ್ಲಿ ಹುಟ್ಟಿದ ‘ಗೋಲ್ಡನ್ ಇಯರಿಂಗ್’ ಎಂಬ ಮೇಳದವರು ಇದನ್ನು 1973ರಲ್ಲಿ ಹೊರತಂದರು. ರಚಿಸಿದವರು ಜಾರ್ಜ್ ಕೋಯ್‌ಮನ್ಸ್ ಮತ್ತು ಬ್ಯಾರಿ ಹೇ. ಹಾಡಿದ ಹೇ ಎಂಬಾತನು 1948ರಲ್ಲಿ ಜನಿಸಿದುದು ಅಯೋಧ್ಯೆಯ ನೆರೆಯ ಫೈಜಾಬಾದಿನಲ್ಲಿ ಎಂಬುದೊಂದು ಸ್ವಾರಸ್ಯ.

ಒಬ್ಬನು ಇರುಳೆಲ್ಲ ಏಕಾಕಿಯಾಗಿ ಮೋಟಾರು ನಡೆಸುತ್ತಿದ್ದಾನೆ. ಚಕ್ರ ಹಿಡಿದ ಕೈಗಳು ಬೆವತಿವೆ. ರೇಡಿಯೋದಲ್ಲಿ ಯಾವುದೋ ಹಳೆಯ ಹಾಡು. ದೂರದ ಪ್ರಿಯೆ ಅವನನ್ನು ಕರೆಯುತ್ತಿದ್ದಾಳೆ. ಅದಕ್ಕೆ ಟೆಲಿಫೋನೂ ಬೇಡ, ಮನಸ್ಸೇ ಮನಸ್ಸಿಗೆ ಮುಟ್ಟಿಸುತ್ತದೆ. ರೇಡಾರ್ ಯಂತ್ರವು ಅಲೆಗಳನ್ನು ಕಳುಹಿಸಿ, ವಸ್ತುವಿಗೆ ತಗುಲಿ ಮರಳಿದ ಪ್ರತಿಧ್ವನಿಯಿಂದ ಅದರ ಇರವನ್ನೂ ದೂರವನ್ನೂ ಅರಿಯುವುದಷ್ಟೆ. ಕಳುಹಿದುದು ಮರಳಿದರೆ ಮಾತ್ರ ಅದಕ್ಕೆ ಬೆಲೆ. ಪ್ರೇಮವೂ ಹಾಗೆಯೇ ಅಲ್ಲವೆ? ಉಪಮಾನವು ಹೊಸದು, ಆದರೆ ಯುಕ್ತವಾದುದು.

ಇಲ್ಲಿಗೆ ಸಾಮ್ಯ ಮುಗಿಯುತ್ತದೆ. ರಾಮಗಿರಿಯ ಯಕ್ಷನ ವಿರಹವೇನೂ ಕಡಮೆಯದಲ್ಲ. ಶಾಪ ತೀರಲು ಇನ್ನೂ ನಾಲ್ಕು ತಿಂಗಳು ಉಳಿದಿವೆ. ಆದರೂ ಅವನು ಮೋಡಕ್ಕೆ ಓಡೆಂದು ಹೇಳುವುದಿಲ್ಲ. ದಣಿದಾಗಲೆಲ್ಲ ಬೆಟ್ಟಗಳ ಮೇಲೆ ವಿಶ್ರಮಿಸು, ನದಿಗಳ ನೀರು ಕುಡಿ, ದಾರಿ ಸುತ್ತಾದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡ ಎನ್ನುತ್ತಾನೆ. ಪೂರ್ವಮೇಘವು ಬಹುಮಟ್ಟಿಗೆ ದಾರಿಯ ವರ್ಣನೆಯೇ. ಹಾಡಿನ ಪಥಿಕನಿಗಾದರೋ ದಾರಿಯೆಂಬುದೇ ಇಲ್ಲ, ವೇಗವೊಂದೇ ಉಂಟು. ಕೊನೆಗೆ ಅವನು ಪ್ರಿಯೆಯನ್ನು ಸೇರಿದನೋ, ಅಪಘಾತಕ್ಕೆ ಸಿಕ್ಕಿದನೋ ಸ್ಪಷ್ಟವಿಲ್ಲ. ಕೇಳುವವರಲ್ಲಿ ಎರಡು ಪಕ್ಷಗಳಿವೆ.

ಇದು ಕಾವ್ಯವಿಚಾರ ಮಾತ್ರವೆಂದು ವಾಚಕರು ಭಾವಿಸಬಾರದು. ಹಬ್ಬ ಬಂದಿತೆಂದರೆ ಬೆಂಗಳೂರಿನಿಂದ ಎಷ್ಟು ಮಕ್ಕಳು ಕಚೇರಿ ಮುಗಿಸಿ ರಾತ್ರಿಯೇ ಊರಿನ ಕಡೆಗೆ ಹೊರಡುವುದಿಲ್ಲ! ನಮ್ಮ ಮಗನೂ ಧಾರವಾಡಕ್ಕೆ ಹಾಗೆಯೇ ಬರುತ್ತಾನೆ. ನಿದ್ದೆಗೆಟ್ಟು ಕಾದಿರುವ ತಾಯಿ ಅರ್ಧ ಗಂಟೆಗೊಮ್ಮೆ “ಎಲ್ಲಿದ್ದೀಯೋ, ಇನ್ನೂ ಎಷ್ಟು ಹೊತ್ತೋ?” ಎಂದು ಫೋನು ಮಾಡಿದರೆ, ಆ ಅಕ್ಕರೆಯೇ ಮಗನ ಕಾಲನ್ನು ವೇಗದ ಮೇಲೆ ಒತ್ತುತ್ತದೆ. ಕರೆಯುವವರಿಗೆ ಇದು ತಿಳಿಯದು, ಬರುವವನು ಹೇಳುವುದಿಲ್ಲ.

ಆದುದರಿಂದ ನಮ್ಮ ಮನೆಯಲ್ಲಿ ಒಂದು ನಿಯಮವುಂಟು. ಅವನು ಹೊರಡುವಾಗಲೇ ಅವನ ತಾಯಿ ಹೇಳುತ್ತಾಳೆ: “ಚಿತ್ರದುರ್ಗದಲ್ಲಿ ಇಳಿದು ಕಾಫಿ ಕುಡಿ. ನಿದ್ದೆ ಬಂದರೆ ಅಲ್ಲೇ ಮಲಗು. ಬೆಳಗಾದ ಮೇಲೆ ಬಂದರೂ ಹಬ್ಬ ಎಲ್ಲಿಗೂ ಹೋಗುವುದಿಲ್ಲ, ಮಗಾ.” ಆ ಮೇಲೆ ಫೋನು ಮಾಡುವುದಿಲ್ಲ. ಅವಳು ಸಂಸ್ಕೃತ ಓದಿದವಳಲ್ಲ. ಆದರೂ ಯಕ್ಷನು ಮೋಡಕ್ಕೆ ಹೇಳಿದುದೂ ಇದನ್ನೇ. ಬಾ ಎಂಬ ಮಾತಿನೊಳಗೇ ನಿಧಾನವಾಗಿ ಬಾ ಎಂಬುದೂ ಸೇರಿದ್ದರೆ, ಆ ಕರೆಯು ಪೂರ್ಣವಾದುದು.